ಓದುಗರ ಪುಟ: ರಾತ್ರಿಯ ಓದಿಗೆ ಕೈಗೆಟಕುವ ಪುಸ್ತಕಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಪತ್ತೇದಾರಿ ಕಾದಂಬರಿ, ರೋಚಕ ಕಥೆ ಮತ್ತು ದೆವ್ವದ ಕಥೆಗಳನ್ನು ಕುರಿತಾಗಿದ್ದವು. ಏನು ಓದಬೇಕೆಂದು ಕೇಳಿದವರಷ್ಟೇ ಜನ, ಈಗಿನ ಬೆಲೆಯಲ್ಲಿ ಹೇಗೆ ಓದಬೇಕೆಂದೂ ಕೇಳಿದ್ದಾರೆ. ಹಾಗಾಗಿ ಈ ಸಲದ ಪುಟವನ್ನು ಪೂರ್ತಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಹರೆಯದಲ್ಲಿ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು ರಾತ್ರಿಯೆಲ್ಲ ಓದುತ್ತಿದ್ದೆ. ಅಂಥ ಪುಸ್ತಕಗಳು ಕನ್ನಡದಲ್ಲಿ ಈಗಲೂ ಬರುತ್ತಿವೆಯೇ? ತಾವು ಈಗ ಓದುತ್ತಿರುವುದು ಯಾವುದು?
(ಕುವೆಂಪುನಗರ, ಮೈಸೂರು)

ಉತ್ತರ: ತಮ್ಮ ಪತ್ರ ಓದುತ್ತಿದ್ದಂತೆ ಎನ್. ನರಸಿಂಹಯ್ಯನವರು ನೆನಪಾದರು. ನಾಲ್ಕನೇ ತರಗತಿಯವರೆಗೆ ಮಾತ್ರ ಶಾಲೆಗೆ ಹೋಗಿದ್ದ ಅವರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಮೊದಲಾದವರು ತಮ್ಮ ತಲೆಮಾರಿನವರಿಗೆ ಮನೆಗೆ ಬಂದುಹೋಗುವ ನೆಂಟರಷ್ಟೇ ಪರಿಚಿತರಾಗಿದ್ದರು. 'ಬಂಗಾರದ ಮನುಷ್ಯ'ದಿಂದ ಹೆಸರಾದ ಟಿ.ಕೆ. ರಾಮರಾವ್ ಅವರೂ ರಹಸ್ಯ ಕಾದಂಬರಿಗಳಲ್ಲಿ ಪಳಗಿದ ಕೈ. ಸಾಹಿತ್ಯ ವಿಮರ್ಶೆ ಈ ಪುಸ್ತಕಗಳಿಗೆ ತಕ್ಕ ಗಮನ ಕೊಡಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಅಕ್ಷರ ಕಲಿತು ಸುಮ್ಮನಿದ್ದ ಎಷ್ಟೋ ಜನರಿಗೆ ಕನ್ನಡ ಓದುವ ಚಟ ಹತ್ತಿಸಿದ್ದು ಇವೇ.

ಈಗಲೂ ಬರುತ್ತಿವೆಯೇ ಎಂದು ಕೇಳಿದ್ದೀರಿ. ಬರುತ್ತಿವೆ, ಆದರೆ ಅವುಗಳ ದಾರಿ ಬದಲಾಗಿದೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಿಂದ ತಾವು ಆರಂಭಿಸಬಹುದು. ಅವರ 'ಕನಕ ಮುಸುಕು' ಕಾದಂಬರಿಯ ಬೀಜವಿರುವುದು ನಮ್ಮ ಪಕ್ಕದಲ್ಲಿಯೇ. ಹೊಯ್ಸಳರ ಕಾಲದ ಶಿಲ್ಪಗಳಲ್ಲಿ ಕೆಲವು ವಿಗ್ರಹಗಳು ಕೈಯಲ್ಲಿ ಹಿಡಿದಿರುವ ವಸ್ತು ಮುಸುಕಿನ ಜೋಳದ ತೆನೆಯನ್ನು ಹೋಲುತ್ತದೆ, ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಅಂಥ ಶಿಲ್ಪಗಳಿವೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ 1492ರಲ್ಲಿ ಅತ್ತ ಹೋದ ಮೇಲೆಯೇ ಅದು ಉಳಿದ ಜಗತ್ತಿಗೆ ಬಂತು ಎಂಬುದು ಚರಿತ್ರೆಯ ಸಾಮಾನ್ಯ ಒಪ್ಪಿಗೆ. ಹಾಗಿರುವಾಗ ಹದಿಮೂರನೇ ಶತಮಾನದ ಕಲ್ಲಿನಲ್ಲಿ ಆ ತೆನೆ ಹೇಗೆ ಬಂತು? ಅದು ಜೋಳವೇ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಈ ಒಂದು ಅನುಮಾನವನ್ನೇ ಎಳೆಯಾಗಿ ಹಿಡಿದು ಬೆಳೆಸಿದ ಕಾದಂಬರಿಯನ್ನು ಓದಿ ಮುಗಿಸಿದ ಮಾರನೆಯ ಭಾನುವಾರ ನಾನು ಸೋಮನಾಥಪುರಕ್ಕೆ ಹೋಗಿ, ಪ್ರತಿ ವಿಗ್ರಹದ ಕೈಯನ್ನೂ ನೋಡುತ್ತ ಗುಡಿಯನ್ನು ಮೂರು ಸುತ್ತು ಬಂದೆ. ಓದಿದವರನ್ನು ಎಬ್ಬಿಸಿ ಒಂದು ಕಲ್ಲಿನ ಮುಂದೆ ನಿಲ್ಲಿಸುವ ಶಕ್ತಿ ರೋಚಕ ಕಾದಂಬರಿಗೆ ಇದ್ದರೆ ಅದನ್ನು ಹಗುರ ಸಾಹಿತ್ಯ ಎನ್ನುವುದು ನನ್ನಿಂದಾಗದು.

ಹೊಸಬರಲ್ಲಿ ಮೈಸೂರಿನವರೇ ಆದ ಅನುಷ್ ಶೆಟ್ಟಿಯವರ 'ಹುಲಿ ಪತ್ರಿಕೆ'ಯನ್ನು ನೋಡಿ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಅನ್ನು ತಾವು ಓದಿಯೇ ಇರುತ್ತೀರಿ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಯ ಒಂದು ದಿನದಲ್ಲಿ ಅಷ್ಟು ಕಥೆಯನ್ನು ಹಿಡಿಸಿರುವುದನ್ನು ಗಮನಿಸುವುದಕ್ಕಾದರೂ ಮತ್ತೊಮ್ಮೆ ಓದಿ.

ನಾನು ಈ ವಾರ ಮತ್ತೆ ಕೈಗೆತ್ತಿಕೊಂಡಿರುವುದು ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯನ್ನು. ಜಿಮ್ ಕಾರ್ಬೆಟ್ ಬರೆದ ಇದನ್ನು ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ ಆ ಒಂದು ಪ್ರಾಣಿ 125 ಜನರನ್ನು ಕೊಂದಿತೆಂದು ದಾಖಲೆಯಿದೆ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಕುಳಿತು ಒಂದೇ ಹುಕ್ಕಾವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಸೇದುತ್ತಿದ್ದಾರೆ. ಇದ್ದಕ್ಕಿದ್ದಂತೆ ಹುಕ್ಕಾ ಕೆಳಗೆ ಬಿದ್ದು ಕೆಂಡ ಚೆಲ್ಲುತ್ತದೆ. ಜೋಪಾನವಾಗಿ ಹಿಡಿಯಬಾರದೇ ಎಂದು ಗದರಿಸುತ್ತ, ಕೆಂಡ ಆರಿಸಲು ಬಗ್ಗಿದವನ ಕಣ್ಣಿಗೆ ತೆರೆದ ಬಾಗಿಲು ಬೀಳುತ್ತದೆ. ಮುಳುಗುತ್ತಿರುವ ಚಂದ್ರನ ಬೆಳಕಿನಲ್ಲಿ ಚಿರತೆ ಅವನ ಗೆಳೆಯನನ್ನು ಕಚ್ಚಿಕೊಂಡು ಹೊಸಿಲು ದಾಟುತ್ತಿದೆ. ಒಂದು ಕೂಗಿಲ್ಲ, ಒಂದು ನರಳಿಕೆಯಿಲ್ಲ. ಭಯವನ್ನು ಬರೆಯಲು ಹೊರಡುವ ಹೊಸ ಲೇಖಕರಿಗೆ ನಾನು ಯಾವಾಗಲೂ ಈ ಪುಟವನ್ನು ತೋರಿಸುತ್ತೇನೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂಬ ಸುದ್ದಿಯನ್ನು ತಿಂಗಳಿಗೊಮ್ಮೆ ಕೇಳುವ ನಮ್ಮ ಸೀಮೆಯವರಿಗೆ ಅದು ದೂರದ ಹಿಮಾಲಯದ ಕಥೆಯಾಗಿ ಉಳಿಯುವುದಿಲ್ಲ.

ದೆವ್ವ, ಮಾಟ, ಕ್ಷುದ್ರವಿದ್ಯೆಗಳ ಕಥೆ ಬೇಕಾದವರಿಗೆ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಇದ್ದೇ ಇದೆ. ಅದರ ಹಿಡಿತವನ್ನು ಒಪ್ಪುತ್ತೇನೆ, ಆದರೆ ಪುಟ್ಟ ಮಗುವಿನ ನರಳಾಟವನ್ನು ಅಷ್ಟು ದೀರ್ಘವಾಗಿ ಎಳೆದಿರುವುದು ನನಗೆ ಇಂದಿಗೂ ಹಿಡಿಸುವುದಿಲ್ಲ. ನಮ್ಮದೇ ನೆಲದ ಭಯವನ್ನು ಯಾರಾದರೂ ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ 'ನಾಳೆ ಬಾ', ನಾಲೆಯ ಏರಿಯ ಮೇಲೆ ಕಂಡು ಮರೆಯಾಗುವ ಕೊಳ್ಳಿದೆವ್ವ, ತಲಕಾಡು ಮರಳಾಗಲಿ ಎಂದ ಅಲಮೇಲಮ್ಮನ ಶಾಪ, ಇವೆಲ್ಲ ಅಜ್ಜಿಯರ ಬಾಯಲ್ಲಿ ಉಳಿದಿರುವಷ್ಟು ಗಟ್ಟಿಯಾಗಿ ಕಾದಂಬರಿಗಳಲ್ಲಿ ಇನ್ನೂ ಬಂದಿಲ್ಲ.

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ತಿಂಗಳಿಗೆ ಪುಸ್ತಕಕ್ಕೆಂದು 300 ರೂಪಾಯಿಗಿಂತ ಹೆಚ್ಚು ತೆಗೆದಿಡಲು ಆಗುವುದಿಲ್ಲ. ಒಂದು ಹೊಸ ಕಾದಂಬರಿ ಕೊಂಡರೆ ಅಷ್ಟೂ ಮುಗಿಯುತ್ತದೆ. ರೋಚಕ ಕಾದಂಬರಿಯಾದರೆ ಒಂದೇ ರಾತ್ರಿಗೆ ಓದಿಯೂ ಮುಗಿಯುತ್ತದೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಓದುವ ದಾರಿ ತಿಳಿಸುವಿರಾ?
(ಮಂಡ್ಯ)

ಉತ್ತರ: ಒಂದೇ ರಾತ್ರಿಗೆ ಮುಗಿಯುತ್ತದೆ ಎಂದು ನೀವು ಬರೆದಿರುವ ಮಾತಿನಲ್ಲಿಯೇ ದಾರಿಯೂ ಇದೆ. ಕವಿತೆಯ ಪುಸ್ತಕವನ್ನು ವರ್ಷಗಟ್ಟಲೆ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ. ಕೊಲೆಗಾರ ಯಾರೆಂದು ಗೊತ್ತಾದ ಕಾದಂಬರಿ ಮಾತ್ರ ಬೀರುವಿನಲ್ಲಿ ಸುಮ್ಮನೆ ಕೂರುತ್ತದೆ. ಆದ್ದರಿಂದ ಈ ಬಗೆಯ ಪುಸ್ತಕವನ್ನು ಒಬ್ಬರು ಕೊಂಡು ಹಲವರು ಓದುವುದೇ ಸರಿಯಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಶಾಲೆಯಲ್ಲಿಯೇ ಐದು ಜನ ಸೇರಿ. ತಿಂಗಳಿಗೆ ಒಬ್ಬೊಬ್ಬರು ಬೇರೆ ಬೇರೆ ಪುಸ್ತಕ ಕೊಳ್ಳಿ, ವಾರಕ್ಕೊಮ್ಮೆ ಕೈ ಬದಲಾಯಿಸಿ. ಒಂದು ಪುಸ್ತಕದ ಹಣಕ್ಕೆ ಐದು ಪುಸ್ತಕ ಓದಿದಂತಾಗುತ್ತದೆ, ಲೇಖಕರಿಗೂ ಐದು ಪ್ರತಿಗಳ ಮಾರಾಟ ಸಿಗುತ್ತದೆ. ಎರಡೇ ನಿಯಮ ಸಾಕು: ಪುಟದ ಅಂಚಿನಲ್ಲಿ ಏನನ್ನೂ ಬರೆಯಬಾರದು, ಎಲ್ಲರೂ ಓದುವವರೆಗೆ ಕಥೆಯ ಕೊನೆಯನ್ನು ಶಿಕ್ಷಕರ ಕೊಠಡಿಯಲ್ಲಿ ಆಡಬಾರದು. ಸುತ್ತು ಮುಗಿದ ಮೇಲೆ ಪುಸ್ತಕಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಕೊಡಿ. ಅಲ್ಲಿನ ಮಕ್ಕಳು ಕಾಯುತ್ತಿರುತ್ತಾರೆ.

ಎರಡನೆಯದಾಗಿ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆಸ್ತಿ ತೆರಿಗೆಯ ಜೊತೆಗೆ ನಮ್ಮಿಂದ ಗ್ರಂಥಾಲಯ ಕರವೂ ಹೋಗುತ್ತದೆ. ಅಂದರೆ ಅಲ್ಲಿನ ಪುಸ್ತಕಕ್ಕೆ ನಾವು ಈಗಾಗಲೇ ಹಣ ಕೊಟ್ಟಿದ್ದೇವೆ. ನಿಮ್ಮೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಸ್ವಲ್ಪ ಠೇವಣಿ ಕಟ್ಟಿ ಸದಸ್ಯರಾದರೆ ಪುಸ್ತಕಗಳನ್ನು ಮನೆಗೆ ತರಬಹುದು. ಹಳೆಯ ಪತ್ತೇದಾರಿ ಕಾದಂಬರಿಗಳು ಎದುರಿನ ಕಪಾಟುಗಳಲ್ಲಿ ಕಾಣದಿದ್ದರೆ ಹಿಂದಿರುಗಬೇಡಿ, ಗ್ರಂಥಪಾಲಕರನ್ನು ಕೇಳಿ. ಬಹಳ ಓದಿಸಿಕೊಂಡು ಹರಿದ ಪುಸ್ತಕಗಳು ಎಷ್ಟೋ ಸಲ ಬೈಂಡಿಗಾಗಿ ಒಳಕೋಣೆಯಲ್ಲಿ ಕಾದಿರುತ್ತವೆ. ಇದಲ್ಲದೆ ಗ್ರಂಥಾಲಯ ಇಲಾಖೆಯದೇ ಡಿಜಿಟಲ್ ಗ್ರಂಥಾಲಯವಿದೆ. ಮೊಬೈಲಿನಲ್ಲಿ ನೋಂದಾಯಿಸಿಕೊಂಡರೆ ಹಣವಿಲ್ಲದೆ ಓದಬಹುದು.

ಹಳೆಯ ಪುಸ್ತಕಗಳ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಓದಿನ ಬಹುಭಾಗ ಅಲ್ಲಿಂದಲೇ ಬಂದದ್ದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಸಾಲಾಗಿ ಹಳೆಯ ಪುಸ್ತಕದ ಅಂಗಡಿಗಳಿದ್ದವು. 2012ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು; ಆಮೇಲೆ ಅಂಗಡಿಗಳು ಅಲ್ಲಿಂದ ಚದುರಿದವು. ಆ ದಾರಿಯಲ್ಲಿ ಹೋಗುವಾಗ ಈಗಲೂ ಕಣ್ಣು ಆ ಕಮಾನುಗಳ ಕಡೆಗೆ ಹೊರಳುತ್ತದೆ. ಆದರೂ ನಗರದಲ್ಲಿ ಹಳೆಯ ಪುಸ್ತಕ ಮಾರುವವರು ಇದ್ದಾರೆ, ಪಠ್ಯಪುಸ್ತಕಗಳ ರಾಶಿಯ ಹಿಂದೆ ಕಾದಂಬರಿಗಳು ಇದ್ದೇ ಇರುತ್ತವೆ. ಶಾಲೆಗಳು ಆರಂಭವಾಗುವ ಜೂನ್ ತಿಂಗಳಿನಲ್ಲಿ ಅವರಿಗೆ ಮಾತಾಡಲು ಬಿಡುವಿರುವುದಿಲ್ಲ. ಆ ಗಲಾಟೆ ತಗ್ಗಿದ ಮೇಲೆ ಹೋಗಿ.

ಅಲ್ಲಿ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಕೆಲವು ವರ್ಷಗಳ ಹಿಂದೆ ಇಂಥ ಒಂದು ಅಂಗಡಿಯಲ್ಲಿ 40 ರೂಪಾಯಿಗೆ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಕೊಂಡು ತಂದೆ. ರಟ್ಟು ಗಟ್ಟಿಯಾಗಿತ್ತು, ಹೊಲಿಗೆ ಬಿಗಿಯಾಗಿತ್ತು. ರಾತ್ರಿ ಹನ್ನೊಂದೂವರೆಗೆ 160ನೇ ಪುಟಕ್ಕೆ ಬಂದಾಗ, ಪತ್ತೇದಾರನು ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಮಾತು ಆರಂಭಿಸಿದ್ದ. ಹಾಳೆ ತಿರುವಿದರೆ ಹಿಂಬದಿಯ ರಟ್ಟು. ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟಗಳ ಒಂದೊಂದು ಫಾರಂ ಆಗಿ ಮುದ್ರಿಸಿ, ಮಡಿಸಿ, ಒಟ್ಟಿಗೆ ಹೊಲಿಯುತ್ತಾರೆ. ಹಾಗಾಗಿ ಹೊಲಿಗೆ ಸಡಿಲವಾದಾಗ ಒಂದು ಹಾಳೆಯಲ್ಲ, ಇಡೀ ಫಾರಮ್ಮೇ ಕಳಚಿ ಬೀಳುತ್ತದೆ. ನನ್ನ ಪ್ರತಿಯಲ್ಲಿ ಹತ್ತು ಫಾರಂಗಳಿದ್ದವು, ಹನ್ನೊಂದನೆಯದು ಕಳೆದುಹೋದ ಮೇಲೆ ಯಾರೋ ಹೊಸದಾಗಿ ರಟ್ಟು ಕಟ್ಟಿಸಿದ್ದರು. ಆ ಕೊಲೆಗಾರ ಯಾರೆಂಬುದು ನನಗೆ ಇನ್ನೂ ತಿಳಿದಿಲ್ಲ. ಆದ್ದರಿಂದ ಅಂಗಡಿಯಲ್ಲಿಯೇ ಕೊನೆಯ ಪುಟ ತೆಗೆದು, ಕಥೆಯನ್ನು ಓದದೆ, ವಾಕ್ಯ ಮುಗಿದಿದೆಯೇ ಎಂದಷ್ಟು ನೋಡಿ. ಪುಟ ಸಂಖ್ಯೆಗಳನ್ನು 16, 32, 48 ಹೀಗೆ ಫಾರಂ ಕೂಡುವ ಜಾಗಗಳಲ್ಲಿ ಒಮ್ಮೆ ಪರೀಕ್ಷಿಸಿ.

ಹೊಸ ಪುಸ್ತಕಗಳನ್ನು ವರ್ಷದ ಕೆಲವು ಕಾಲಗಳಿಗೆ ಕಾದು ಕೊಳ್ಳುವುದು ಒಳ್ಳೆಯದು. ರಾಜ್ಯೋತ್ಸವದ ನವೆಂಬರ್ ತಿಂಗಳಿನಲ್ಲಿ ಸರ್ಕಾರದ ಸಂಸ್ಥೆಗಳೂ ಅನೇಕ ಪ್ರಕಾಶಕರೂ ರಿಯಾಯಿತಿ ಕೊಡುತ್ತಾರೆ. ಸಾಹಿತ್ಯ ಸಮ್ಮೇಳನದ ಮಳಿಗೆಗಳೂ ಹಾಗೆಯೇ. 2024ರ ಡಿಸೆಂಬರಿನಲ್ಲಿ ನಿಮ್ಮ ಮಂಡ್ಯದಲ್ಲಿಯೇ 87ನೇ ಸಮ್ಮೇಳನ ನಡೆದಾಗ ಪುಸ್ತಕದ ಚೀಲ ಹೊತ್ತು ನಡೆದವರಲ್ಲಿ ನೀವೂ ಇದ್ದಿರಬಹುದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದೂ ನೆನಪಿರಲಿ.

ದೂರದ ಊರಿನ ಗೆಳತಿಯೊಡನೆ ಪುಸ್ತಕ ಬದಲಾಯಿಸಿಕೊಳ್ಳುವುದಾದರೆ ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಸೇವೆಯನ್ನು ಬಳಸಿ. 2025ರ ಮೇ 1ರಂದು ಆರಂಭವಾದ ಈ ಸೇವೆಯಲ್ಲಿ 300 ಗ್ರಾಂವರೆಗಿನ ಪೊಟ್ಟಣಕ್ಕೆ 20 ರೂಪಾಯಿ, 5 ಕಿಲೋ ತೂಕಕ್ಕೆ 100 ರೂಪಾಯಿ ದರವನ್ನು ತೆರಿಗೆ ಬಿಟ್ಟು ನಿಗದಿ ಮಾಡಿದ್ದರು. ರಸ್ತೆ, ರೈಲಿನ ಮೂಲಕ ಹೋಗುವುದರಿಂದ ತಲುಪಲು ಕೆಲವು ದಿನ ಹೆಚ್ಚು ಬೇಕು. ಕಳುಹಿಸುವ ಮುನ್ನ ಅಂಚೆ ಕಚೇರಿಯಲ್ಲಿ ಈಗಿನ ದರವನ್ನು ಕೇಳಿಕೊಳ್ಳಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸ ಕನ್ನಡ ಥ್ರಿಲ್ಲರ್‌ಗಳ ಪಿಡಿಎಫ್ ಬರುತ್ತವೆ. ಹಣವಿಲ್ಲದವರು ಓದಿದರೆ ತಪ್ಪೇನು ಎಂದು ಗೆಳೆಯರು ಕೇಳುತ್ತಾರೆ. ಏನು ಹೇಳಲಿ?
(ಶ್ರೀರಂಗಪಟ್ಟಣ)

ಉತ್ತರ: ಹಣವಿಲ್ಲದಿರುವುದು ತಪ್ಪಲ್ಲ, ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಕನ್ನಡದ ಹೊಸ ಕಾದಂಬರಿಯೊಂದರ ಲೆಕ್ಕವನ್ನು ನಿಮ್ಮ ಗೆಳೆಯರ ಮುಂದಿಡಿ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಮುದ್ರಣವೆಂದರೆ ಸಾವಿರ ಪ್ರತಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎಷ್ಟೋ ಯುವ ಲೇಖಕರು ತಮ್ಮ ಕೈಯಿಂದಲೇ ಹಣ ಹಾಕಿ ಮುದ್ರಿಸಿ, ಬಂದ ಹಣದಲ್ಲಿ ಮುಂದಿನ ಪುಸ್ತಕ ತರುತ್ತಾರೆ. ಗುಂಪಿನಿಂದ ಗುಂಪಿಗೆ ಹಾರುವ ಒಂದು ಪಿಡಿಎಫ್ ಒಂದೇ ವಾರದಲ್ಲಿ ಆ ಸಾವಿರ ಪ್ರತಿಗಳಿಗಿಂತ ಹೆಚ್ಚು ಜನರನ್ನು ತಲುಪಿಬಿಡಬಹುದು. ಮೇಲೆ ಹೇಳಿದ ಸುತ್ತು ಓದಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಕೊಂಡ ಪ್ರತಿ ಕೈ ಬದಲಾಯಿಸಿದರೂ ಒಂದೇ ಆಗಿರುತ್ತದೆ, ಕದ್ದ ಪ್ರತಿ ಪ್ರತಿಯೊಂದು ಕೈಯಲ್ಲಿಯೂ ಹೊಸದಾಗಿ ಹುಟ್ಟುತ್ತದೆ.

ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಕೃತಿಸ್ವಾಮ್ಯವು ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. 1897ರಲ್ಲಿ 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್ 1912ರಲ್ಲಿ, ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ 1930ರಲ್ಲಿ ತೀರಿಕೊಂಡರು. ಅವರ ಇಂಗ್ಲಿಷ್ ಮೂಲಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಯಾರ ಹಂಗೂ ಇಲ್ಲದೆ ಇಳಿಸಿಕೊಂಡು ಓದಬಹುದು. ಅಗಾಥಾ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಆದ್ದರಿಂದ ಅವರ ಕೃತಿಗಳಿಗೆ ಇಲ್ಲಿ 2036ರ ಕೊನೆಯವರೆಗೆ ರಕ್ಷಣೆಯಿದೆ. ಒಂದು ಸೂಕ್ಷ್ಮವನ್ನು ಮರೆಯಬೇಡಿ. ಮೂಲ ಕೃತಿ ಎಲ್ಲರದಾಗಿದ್ದರೂ ಅದರ ಕನ್ನಡ ಅನುವಾದ ಅನುವಾದಕರದು. ಅನುವಾದಕ್ಕೆ ತನ್ನದೇ ಆದ ಕೃತಿಸ್ವಾಮ್ಯವಿರುತ್ತದೆ. ನಿಮ್ಮ ಇಂಗ್ಲಿಷ್ ಓದು ನಿಧಾನವೆನಿಸಿದರೂ 'ಡ್ರಾಕುಲಾ'ದಿಂದ ಹಿಂಜರಿಯಬೇಡಿ. ಇಡೀ ಕಾದಂಬರಿ ದಿನಚರಿ, ಪತ್ರ, ಪತ್ರಿಕೆಯ ತುಣುಕುಗಳ ರೂಪದಲ್ಲಿದೆ, ದಿನಕ್ಕೊಂದು ದಿನಚರಿಯ ಬರಹ ಓದಿದರೂ ಸಾಕು.

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ದೆವ್ವದ ಕಥೆಗಳನ್ನೇ ಓದುತ್ತಾನೆ, ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಪುಸ್ತಕಗಳನ್ನು ಕಿತ್ತಿಡಲೇ?
(ಕೆ.ಆರ್. ಪೇಟೆ)

ಉತ್ತರ: ಕಿತ್ತಿಡಬೇಡಿ ತಾಯಿ. ಮೊಬೈಲ್ ಬಿಟ್ಟು ಪುಸ್ತಕ ಹಿಡಿದಿರುವ ಹುಡುಗ ಅವನು. ದೆವ್ವದ ಕಥೆಯನ್ನು ಹಗಲಿಗೆ ಬದಲಾಯಿಸಿ, ಮಲಗುವ ಮುನ್ನ ಬೇರೆ ಏನಾದರೂ ಓದಲಿ. ಸಾಧ್ಯವಾದರೆ ಒಂದು ಕಥೆಯನ್ನು ನೀವೂ ಓದಿ, ಎಲ್ಲಿ ಭಯವಾಯಿತೆಂದು ಅವನನ್ನು ಕೇಳಿ. ಬಾಯಿಬಿಟ್ಟು ಹೇಳಿದ ಭಯ ಅರ್ಧ ಕಡಿಮೆಯಾಗುತ್ತದೆ. ತೇಜಸ್ವಿಯವರ 'ಕಾಡಿನ ಕಥೆಗಳು' ಸರಣಿಯನ್ನು ಅವನ ಕೈಗೆ ಕೊಡಿ, ಆ ಭಯಕ್ಕೆ ಹೆಜ್ಜೆಗುರುತೂ ಕಾರಣವೂ ಇರುತ್ತವೆ. ವಾರಗಟ್ಟಲೆ ನಿದ್ದೆಯೇ ಕೆಟ್ಟರೆ ಮಾತ್ರ ವೈದ್ಯರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಯವರು ವಾರಪತ್ರಿಕೆಗಳಲ್ಲಿ ಬಂದ ರಹಸ್ಯ ಧಾರಾವಾಹಿಗಳ ಪುಟಗಳನ್ನು ಕತ್ತರಿಸಿ ಬೈಂಡ್ ಮಾಡಿಸಿಟ್ಟಿದ್ದರು. ಅಟ್ಟದ ಮೇಲೆ ಹನ್ನೆರಡು ಬೈಂಡುಗಳು ಸಿಕ್ಕಿವೆ. ಬೆಳ್ಳಿಹುಳು ಹಿಡಿದಿದೆ. ಉಳಿಸುವುದು ಹೇಗೆ?
(ಪಾಂಡವಪುರ)

ಉತ್ತರ: ತಾವು ಅವನ್ನು ರದ್ದಿಗೆ ಹಾಕದೆ ಪತ್ರ ಬರೆದದ್ದಕ್ಕೆ ಕೃತಜ್ಞ. ಆ ಧಾರಾವಾಹಿಗಳಲ್ಲಿ ಪುಸ್ತಕವಾಗದೆ ಉಳಿದವು ಬಹಳ. ಅಂಥವು ಇರುವುದು ಇಂಥ ಬೈಂಡುಗಳಲ್ಲಿ ಮಾತ್ರ. ಮೊದಲು ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿ. ನೇರ ಬಿಸಿಲಿಗೆ ಇಟ್ಟರೆ ಕಾಗದ ಇನ್ನಷ್ಟು ಕಂದಿ ಪುಡಿಯಾಗುತ್ತದೆ. ಮೆದುವಾದ ಒಣ ಕುಂಚದಿಂದ ಪುಟಪುಟವೂ ಒರೆಸಿ, ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ಬಿಡಿಸಿ. ಹರಿದ ಕಡೆ ಪ್ಲಾಸ್ಟಿಕ್ ಟೇಪು ಅಂಟಿಸಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಅಕ್ಷರಗಳನ್ನು ತಿನ್ನುತ್ತದೆ. ಬೆಳ್ಳಿಹುಳು ಬದುಕುವುದು ತೇವ ಮತ್ತು ಬೈಂಡಿನ ಗಂಜಿಯ ಮೇಲೆ, ಆದ್ದರಿಂದ ಅಟ್ಟದಿಂದ ಇಳಿಸಿ ಒಣಗಿದ ಬೀರುವಿನಲ್ಲಿಡುವುದೇ ಮುಖ್ಯವಾದ ಚಿಕಿತ್ಸೆ. ಒಣ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡುವುದು ನಮ್ಮ ಮನೆಗಳ ಹಳೆಯ ರೂಢಿ, ಅದನ್ನೂ ಮಾಡಿ.

ಈ ಕೆಲಸ ಮುಗಿದ ಮೇಲೆ ಪ್ರತಿ ಬೈಂಡಿನಲ್ಲಿರುವ ಕಥೆಯ ಹೆಸರು, ಲೇಖಕರು, ಪತ್ರಿಕೆ ಮತ್ತು ವರ್ಷವನ್ನು ಒಂದು ಹಾಳೆಯಲ್ಲಿ ಬರೆದು ನಮಗೆ ಕಳುಹಿಸಿ. ಯಾವ ಕಂತು ಕಾಣೆಯಾಗಿದೆ ಎಂಬುದನ್ನೂ ಗುರುತಿಸಿ. ಆ ಪಟ್ಟಿಯನ್ನು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ. ಕಾಣೆಯಾದ ಕಂತು ಮತ್ತೊಬ್ಬ ಓದುಗರ ಅಟ್ಟದ ಮೇಲೆ ಇದ್ದರೂ ಇರಬಹುದು.